ಮೊಣಕಾಲು ಗೆದ್ದ ಪಂದ್ಯ, ಹೆಬ್ಬೆರಳು ಪಡೆದ ಗೋಲ

ಕಂಪ್ಯೂಟರ್ ಮೌಸಿನ ಚರಿತ್ರೆಯನ್ನು ಹೇಳಹೊರಟವರೆಲ್ಲ ಮರದ ತುಂಡಿಗೆ ಎರಡು ಚಕ್ರಗಳನ್ನು ಜೋಡಿಸಿದ ಡಗ್ಲಸ್ ಎಂಗೆಲ್‌ಬಾರ್ಟರ ಪ್ರತಿಭೆಯಿಂದ ಆರಂಭಿಸುವುದು ವಾಡಿಕೆಯಾದರೂ, ನನ್ನನ್ನು ಬೆರಗುಗೊಳಿಸಿ ಇಂದಿಗೂ ಬಿಡದಿರುವ ಸಂಗತಿ ಆ ಮರದ ತುಂಡಲ್ಲ. ಅದರೊಡನೆ ಸ್ಪರ್ಧೆಗಿಳಿದ ಮೊಣಕಾಲು. ಮೇಜಿನಡಿಯ ಸನ್ನೆಯೊಂದನ್ನು ಮೊಣಕಾಲಿನಿಂದ ಎಡಬಲಕ್ಕೂ ಮೇಲೆಕೆಳಕ್ಕೂ ಸರಿಸಿ ತೆರೆಯ ಮೇಲಿನ ಗುರುತನ್ನು ನಡೆಸುವ ಸಾಧನವನ್ನೂ ಎಂಗೆಲ್‌ಬಾರ್ಟರ ಬಳಗ ನಿರ್ಮಿಸಿತ್ತು. ಅವರು 1967ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಪಳಗಿದವರಿಗೆ ಮೌಸೇ ಶ್ರೇಷ್ಠವೆನಿಸಿತು. ಹೊಸಬರಲ್ಲಾದರೋ ಮೊಣಕಾಲು ಮೌಸನ್ನು ಹಿಂದಿಕ್ಕಿತು. ಕಾರಣ ಸರಳ: ಮೊಣಕಾಲು ದುಡಿಯುವಾಗ ಕೈ ತಾನಿದ್ದ ಕೀಲಿಮಣೆಯನ್ನು ಬಿಟ್ಟು ಕದಲಬೇಕಾಗಿರಲಿಲ್ಲ.

ಇಲ್ಲಿಂದ ನೇರವಾಗಿ ಹೆಬ್ಬೆರಳಿನ ಕಥೆಗೆ ಹೋಗಬೇಕೆಂಬುದು ನನ್ನ ಸಂಕಲ್ಪವಾಗಿತ್ತು; ಆದರೆ ರಬಕವಿ-ಬನಹಟ್ಟಿಯ ನೇಕಾರರ ನೆನಪು ದಾರಿಯನ್ನು ತಿರುಗಿಸುತ್ತಿದೆ. ಅಲ್ಲಿ ವಿದ್ಯುತ್ ಮಗ್ಗಗಳ ಸದ್ದು ಬೀದಿಬೀದಿಗೆ ವ್ಯಾಪಿಸುವ ಮುನ್ನ ಮನೆಮನೆಯಲ್ಲಿದ್ದ ಕುಣಿಮಗ್ಗವನ್ನು ಸಮೀಪದಿಂದ ನೋಡಿರಿ: ಕುಣಿಯೊಳಗೆ ಇಳಿಬಿಟ್ಟ ಪಾದಗಳು ತುಳಿಪಟ್ಟಿಗಳನ್ನು ಸರದಿಯಂತೆ ಒತ್ತಿ ಹಾಸಿನ ಎಳೆಗಳನ್ನು ಬೇರ್ಪಡಿಸುತ್ತವೆ, ಬಲಗೈ ಹಗ್ಗವನ್ನು ಜಗ್ಗಿದೊಡನೆಯೇ ಲಾಳಿಯು ಆ ತೆರಪಿನಲ್ಲಿ ಹಾಯ್ದು ಹೊಕ್ಕಿನ ನೂಲನ್ನು ಬಿಟ್ಟುಹೋಗುತ್ತದೆ, ಎಡಗೈ ಹಲಗೆಯನ್ನು ಮೈಯತ್ತ ಸೆಳೆದು ಆ ನೂಲನ್ನು ಬಡಿದು ಕೂಡಿಸುತ್ತದೆ. ಯಾವ ಅಂಗವೂ ತನ್ನ ಠಾವನ್ನು ಬಿಟ್ಟು ಇನ್ನೊಂದರ ಕೆಲಸಕ್ಕೆ ಓಡುವುದಿಲ್ಲ. ಮೊಣಕಾಲು ಗೆದ್ದ ವಾರ್ತೆಯನ್ನು ಇಂತಹ ನೇಕಾರರಿಗೆ ಹೇಳಿದರೆ ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣದೆಂದು ನನ್ನ ದೃಢವಾದ ನಂಬುಗೆ.

ಆ ವಿವೇಕ ಕಂಪ್ಯೂಟರಿನ ಮೇಜಿಗೆ ಬರಲಿಲ್ಲವೆಂಬುದೇ ನನ್ನ ಅಳಲು. ಜಕಾರ್ಡ್ ಮಗ್ಗಕ್ಕೆ ಸೆರಗಿನ ಹೂಬಳ್ಳಿಯನ್ನು ಹಿಂದೆ ಚೌಕುಳಿ ಕಾಗದದ ಮೇಲೆ ಮನೆಮನೆಯಾಗಿ ತುಂಬಿ, ಅದರಂತೆ ರಟ್ಟಿನ ಹಲಗೆಗಳಿಗೆ ತೂತು ಕೊರೆಯುತ್ತಿದ್ದರು. ಇಂದು ಆ ಚೌಕುಳಿಯು ತೆರೆಯನ್ನೇರಿದಲ್ಲಿ, ಮನೆಯೊಂದನ್ನು ತುಂಬಲು ತೋರುಬೆರಳು ಒತ್ತುತ್ತದೆ, ಮಣಿಕಟ್ಟು ಹೊರಳುತ್ತದೆ, ಹೆಬ್ಬೆರಳಾದರೋ ಮೌಸಿನ ಪಕ್ಕೆಯನ್ನು ಬಿಗಿಹಿಡಿದುಕೊಂಡು ಹೊತ್ತನ್ನೆಲ್ಲ ಕಳೆಯುತ್ತದೆ. ಜಮಖಂಡಿಯಲ್ಲಿ ಉತಾರ ತೆಗೆಯುವವರಿಗೂ, ಮುಧೋಳದಲ್ಲಿ ಕಬ್ಬಿನ ತೂಕ ಬರೆಯುವವರಿಗೂ, ಬೀಳಗಿಯಲ್ಲಿ ಲಗ್ನಪತ್ರಿಕೆ ಜೋಡಿಸುವವರಿಗೂ ಇದೇ ಪಾಡು. ಐದು ಬೆರಳುಗಳಲ್ಲಿ ಅತ್ಯಂತ ಬಲಿಷ್ಠವೂ ಸರ್ವದಿಕ್ಕಿಗೂ ತಿರುಗಬಲ್ಲುದೂ ಆದ ಬೆರಳಿಗೆ ಬರಿಯ ಹಿಡಿಕೆಯ ಕೆಲಸವನ್ನು ಕೊಟ್ಟದ್ದು ವಿನ್ಯಾಸಕಾರರ ದೊಡ್ಡ ಅಪರಾಧವೆಂದೇ ನಾನು ಎಣಿಸುತ್ತೇನೆ.

ಈ ಅಪರಾಧವನ್ನು ತಿದ್ದಬಲ್ಲ ಸಾಧನವೆಂದರೆ ಪೀಠದಲ್ಲಿ ಕುಳಿತು ಬೆರಳಿನಡಿ ಉರುಳುವ ಗೋಲ. ಅದೇನೂ ಹೊಸತಲ್ಲ, ಮೌಸಿಗಿಂತ ಹಿರಿಯದು. ಕೆನಡಾದ ನೌಕಾಪಡೆಗಾಗಿ 1950ರ ದಶಕದ ಆರಂಭದಲ್ಲಿಯೇ, ಆಟದಲ್ಲಿ ಉರುಳಿಸುವ ಬೌಲಿಂಗ್ ಚೆಂಡೊಂದನ್ನು ತಂದು ಪೀಠದಲ್ಲಿ ಕೂರಿಸಿ ರೇಡಾರಿನ ಗುರುತನ್ನು ನಡೆಸಿದ್ದರು. ಸೈನ್ಯದ ರಹಸ್ಯವಾಗಿದ್ದುದರಿಂದ ಲೋಕಕ್ಕೆ ತಿಳಿಯಲಿಲ್ಲ. ಜರ್ಮನಿಯ ಟೆಲಿಫಂಕನ್ ಸಂಸ್ಥೆಯವರು ಅಂತಹುದೇ ಗೋಲವನ್ನು ತಲೆಕೆಳಗು ಮಾಡಿ, ಮೇಜಿನ ಮೇಲೆ ಉರುಳುವ ಮೌಸನ್ನೇ ಮಾಡಿ, ಎಂಗೆಲ್‌ಬಾರ್ಟರು 1968ರ ಡಿಸೆಂಬರಿನಲ್ಲಿ ತಮ್ಮದನ್ನು ಸಭೆಗೆ ತೋರಿಸುವುದಕ್ಕೆ ಕೆಲವೇ ವಾರ ಮುಂಚೆ ಜಾಹೀರುಪಡಿಸಿದ್ದರು. ಇದರಲ್ಲಿ ಸಾಕಷ್ಟು ನಾವೀನ್ಯವಿಲ್ಲವೆಂದು ಅಲ್ಲಿಯ ಪೇಟೆಂಟ್ ಕಚೇರಿ ತಳ್ಳಿಹಾಕಿತು! ಇತ್ತ ಪೇಟೆಂಟ್ ದೊರೆತ ಎಂಗೆಲ್‌ಬಾರ್ಟರಿಗೂ ರಾಯಧನವೆಂದು ಬಿಡಿಗಾಸೂ ದಕ್ಕಲಿಲ್ಲ. ಸಮುದ್ರದ ಆಚೀಚೆ, ಪರಸ್ಪರರನ್ನು ಅರಿಯದೆ ಒಂದೇ ವಸ್ತುವನ್ನು ಕಂಡ ಇಬ್ಬರಿಗೂ ಒಂದೇ ಬಗೆಯ ಅನ್ಯಾಯ.

ಇನ್ನು 1998ರ ಪ್ರಮಾದವನ್ನು ಹೇಳದೆ ಮುಂದುವರಿಯಲಾರೆ. ಆಪಲ್ ಸಂಸ್ಥೆ ತನ್ನ ಐಮ್ಯಾಕ್‌ನೊಡನೆ ಚಕ್ಕುಲಿಯಷ್ಟು ದುಂಡಗಿನ ಮೌಸೊಂದನ್ನು ಕೊಟ್ಟಿತು. ಅದರ ಚೆಲುವಿಗೆ ಮಾರುಹೋದವರು ಅದನ್ನು ಹಿಡಿದೊಡನೆಯೇ ದಿಕ್ಕುಗೆಟ್ಟರು. ಕಣ್ಣು ತೆರೆಯ ಮೇಲಿರುವಾಗ ಮೌಸಿನ ಮುಂದುಹಿಂದನ್ನು ಕೈಗೆ ತಿಳಿಸುವುದು ಹೆಬ್ಬೆರಳು ಸೋಕುವ ಪಕ್ಕೆಯಲ್ಲವೇ? ವೃತ್ತಕ್ಕೆ ಪಕ್ಕೆಯೆಲ್ಲಿಂದ ಬರಬೇಕು? ಮೇಲಕ್ಕೆ ತಳ್ಳಿದರೆ ಗುರುತು ಓರೆಯಾಗಿ ಸರಿಯುತ್ತಿತ್ತು. ಆ ದುಂಡುತನವನ್ನು ಮರೆಸಿ ಉದ್ದುದ್ದ ಮಾಡುವ ಕವಚಗಳನ್ನು ಬೇರೆ ವ್ಯಾಪಾರಿಗಳು ಮಾರತೊಡಗಿದರು. ಎರಡು ವರ್ಷಗಳಲ್ಲಿ ಸಂಸ್ಥೆಯೇ ಅದನ್ನು ಕೈಬಿಟ್ಟಿತು.

ಹೆಬ್ಬೆರಳಿಗೆ ನ್ಯಾಯ ದೊರೆತದ್ದಾದರೋ ಈ ಪ್ರಮಾದಕ್ಕೂ ಮೊದಲೇ, 1989ರಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಲಾಜಿಟೆಕ್ ಸಂಸ್ಥೆಯ ಟ್ರ್ಯಾಕ್‌ಮ್ಯಾನ್ ಸಾಧನದಲ್ಲಿ ಗೋಲವು ಹೆಬ್ಬೆರಳಿನ ಕೆಳಗೇ ಬಂದು ಕುಳಿತಿತು. ಮುಂಗೈ ವಿಶ್ರಮಿಸಿರುವಂತೆಯೇ ಹೆಬ್ಬೆರಳು ಗುರುತನ್ನು ನಡೆಸಿತು, ಉಳಿದ ಬೆರಳುಗಳು ಗುಂಡಿಗಳನ್ನು ಒತ್ತಿದವು. ಮೊಣಕಾಲಿನ ಗೆಲುವಿನಲ್ಲಿದ್ದ ಗುಟ್ಟು, ಕೈ ಕದಲದಿರುವಿಕೆ, ಇಲ್ಲಿ ಬೇರೆ ರೂಪದಲ್ಲಿ ಫಲಿಸಿತ್ತು.

ಆದರೆ ಭಾರವನ್ನೆಲ್ಲ ಒಂದೇ ಬೆರಳಿಗೆ ಹೊರಿಸುವುದೂ ಹಿತವಲ್ಲ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಹಾಯುವ ಎರಡು ಸ್ನಾಯುರಜ್ಜುಗಳ ಹೊದಿಕೆ ದಪ್ಪನಾಗಿ ನೋಯುವ ವ್ಯಾಧಿಯನ್ನು 1895ರಲ್ಲಿ ವಿವರಿಸಿದ ಫ್ರಿಟ್ಜ್ ಡಿ ಕರ್ವೇನ್ ಎಂಬ ಶಸ್ತ್ರವೈದ್ಯರೂ ಸ್ವಿಟ್ಜರ್ಲೆಂಡಿನವರೇ. ಮುಷ್ಟಿಯೊಳಗೆ ಹೆಬ್ಬೆರಳನ್ನು ಮಡಿಚಿ ಮಣಿಕಟ್ಟನ್ನು ಕಿರುಬೆರಳಿನತ್ತ ಬಾಗಿಸಿದಾಗ ಆ ಜಾಗದಲ್ಲಿ ಚಳುಕು ಹೊಡೆದರೆ, ಗೋಲವನ್ನು ಕೆಲಕಾಲ ಬದಿಗಿಟ್ಟು ವೈದ್ಯರನ್ನು ಕಾಣುವುದು ಕ್ಷೇಮ. ಅಂಥವರಿಗೆ, ಗೋಲವನ್ನು ನಡುವಿನಲ್ಲಿಟ್ಟು ತೋರುಬೆರಳು ನಡುಬೆರಳುಗಳಿಂದ ಉರುಳಿಸುವ ಸಾಧನಗಳೂ ಉಂಟು. ಎಡಗೈ ರೂಢಿಯವರಿಗಂತೂ ಬಹುಮಟ್ಟಿಗೆ ಇವೇ ಗತಿ. ಹೆಬ್ಬೆರಳಿನ ಗೋಲವುಳ್ಳ ಸಾಧನಗಳಲ್ಲಿ ಹೆಚ್ಚಿನವು ಬಲಗೈಗೆಂದೇ ಎರಕಗೊಂಡವು, ಎಡಗೈಗೆ ಒದಗುವಂಥವು ತೀರ ವಿರಳ.