ಬೊಕ್ಕಸದ ದುಡ್ಡು, ಬಿಸಿಲಿನ ಕರೆಂಟು



ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗೆ ಬದಲಿ ಹುಡುಕಲು ಸರ್ಕಾರ ಯಾಕೆ ದುಡ್ಡು ಹಾಕಬೇಕು, ಲಾಭವಿದ್ದರೆ ಖಾಸಗಿಯವರೇ ಬರುತ್ತಾರಲ್ಲ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಸರ್ಕಾರವೇ ಹಾಕಬೇಕು, ಮೊದಲು ಹಾಕಬೇಕು ಎಂದು ನಾನು ನಂಬಿದ್ದೇನೆ.

ಈ ನಂಬಿಕೆಗೆ ನಿದರ್ಶನ ನಮ್ಮಲ್ಲೇ ಇದೆ. 1902ರಲ್ಲಿ ಕಾವೇರಿಯ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿತು. ಅಷ್ಟು ದೂರ ವಿದ್ಯುತ್ ಸಾಗಿಸುವುದು ಅಂದು ಜಗತ್ತಿನಲ್ಲೇ ಅಪರೂಪ. ಉಗಿಯಂತ್ರಗಳನ್ನು ನೆಚ್ಚಿಕೊಂಡಿದ್ದ ಗಣಿಗೆ ಕಾವೇರಿಯ ಬಲ ಸಿಕ್ಕಿತು. ಹಣ ಹಾಕಿದ್ದು ಮೈಸೂರು ಸಂಸ್ಥಾನದ ಬೊಕ್ಕಸ. ಗಟ್ಟಿ ಮನಸ್ಸು ಮಾಡಿದ ದಿವಾನ್ ಶೇಷಾದ್ರಿ ಅಯ್ಯರ್ ಆ ಕರೆಂಟು ಹರಿಯುವುದನ್ನು ನೋಡಲು ಬದುಕಿರಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹೊತ್ತಿದ್ದು ಆ ಧೈರ್ಯದಿಂದ.

ಬಿಸಿಲಿನ ಕರೆಂಟಿನ ಕತೆಯೂ ಹೀಗೇ. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಶುರುವಾದಾಗ ಯೂನಿಟ್ಟಿನ ಬೆಲೆ ಹತ್ತು ರೂಪಾಯಿ ದಾಟಿತ್ತು. ಯಾವ ವ್ಯಾಪಾರಿಯೂ ತಾನಾಗಿ ಕೊಳ್ಳುವ ದರವಲ್ಲ ಅದು. 2017ರಲ್ಲಿ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ ಅದೇ ಯೂನಿಟ್ಟು 2 ರೂಪಾಯಿ 44 ಪೈಸೆಗೆ ಇಳಿಯಿತು. ಜರ್ಮನಿಯ ಸರ್ಕಾರ ದುಬಾರಿ ಕಾಲದಲ್ಲೇ ಕೊಳ್ಳುವ ಕಾನೂನು ಮಾಡಿತ್ತು, ಚೀನಾ ಕಾರ್ಖಾನೆಗಳನ್ನು ಕಟ್ಟಿತ್ತು, ನಮ್ಮ ಸರ್ಕಾರ 25 ವರ್ಷದ ಖರೀದಿಗೆ ಮಾತು ಕೊಟ್ಟಿತ್ತು. ಹಾದಿ ಸವೆದ ಮೇಲೆ ಖಾಸಗಿಯವರು ಬಂದರು. ಬಂದಿದ್ದು ಒಳ್ಳೆಯದೇ.

ಹಣ ಹಾಕುವುದೆಂದರೆ ಸೌರ ಫಲಕ ನಿಲ್ಲಿಸುವುದಷ್ಟೇ ಎಂದುಕೊಂಡರೆ ಮಾತ್ರ ನಾವು ಎಡವುತ್ತೇವೆ. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕಿಗೆ ಹೋಗಿ ನೋಡಿ. ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳಲ್ಲಿ ಸುಮಾರು 13,000 ಎಕರೆ, 2,050 ಮೆಗಾವಾಟ್. ಇಲ್ಲಿ ಸರ್ಕಾರ ಒಂದು ವಿವೇಕದ ಕೆಲಸ ಮಾಡಿತು. ಜಮೀನು ಕಿತ್ತುಕೊಳ್ಳಲಿಲ್ಲ, ಗೇಣಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಏರುತ್ತಾ ಹೋಗುವ ಬಾಡಿಗೆ. ಮಳೆ ಕೈಕೊಟ್ಟು ಕೊಟ್ಟು ಸೋತಿದ್ದ ರೈತರ ಹೆಸರಲ್ಲೇ ಪಹಣಿ ಉಳಿಯಿತು.

ಪಹಣಿಯೇ ಇಲ್ಲದವರ ಪಾಡೇನು? ಆ ಹೊಲಗಳಲ್ಲಿ ಕಡಲೆಕಾಯಿ ಕೀಳಲು, ಕಳೆ ತೆಗೆಯಲು ಹೋಗುತ್ತಿದ್ದವರಿಗೆ ಬಾಡಿಗೆಯ ಒಂದು ಪೈಸೆಯೂ ಬರಲಿಲ್ಲ, ಕೂಲಿಯೂ ಹೋಯಿತು. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಕೆಲವರಿಗೆ ಫಲಕಗಳ ಸಾಲಿನ ನಡುವೆ ಹುಲ್ಲು ಕೊಯ್ಯುವ, ಧೂಳು ತೊಳೆಯುವ, ಗೇಟು ಕಾಯುವ ಕೆಲಸ ಸಿಕ್ಕಿತು. ಎಲ್ಲರಿಗೂ ಅಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ, ಏಕೆಂದರೆ ಇದನ್ನು ಮೊದಲೇ ಊಹಿಸಬಹುದಿತ್ತು. ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟಿನಿಂದ ಶರಾವತಿಯಲ್ಲಿ ಮುಳುಗಡೆಯಾಗಿ ಆರು ದಶಕ ಕಳೆದರೂ ಹಕ್ಕುಪತ್ರಕ್ಕಾಗಿ ಅಲೆಯುವ ಕುಟುಂಬಗಳನ್ನು ಕಂಡ ರಾಜ್ಯ ನಮ್ಮದು.

ಇನ್ನು ಸಂಜೆಯ ಲೆಕ್ಕ. ಹೊತ್ತು ಮುಳುಗಿದಾಗ ಪಾವಗಡ ಸುಮ್ಮನಾಗುತ್ತದೆ, ಅದೇ ಗಳಿಗೆಗೆ ಮನೆಮನೆಯಲ್ಲೂ ಸ್ವಿಚ್ಚು ಬೀಳುತ್ತದೆ. ಆಗ ರಾಯಚೂರಿನಂಥ ಕಲ್ಲಿದ್ದಲು ಸ್ಥಾವರಗಳ ಬಾಯ್ಲರುಗಳೂ ಆಸರೆಯಾಗಬೇಕು. ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲ, ಅದೂ ಹೊರಗಿನಿಂದಲೇ ಬರಬೇಕು. 2025ರಲ್ಲಿ ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧ ಪಳೆಯುಳಿಕೆಯೇತರ ಮೂಲಗಳಿಗೆ ಸೇರಿತು, ನಿಜ. ಆದರೂ ನಾವು ಬಳಸುವ ವಿದ್ಯುತ್ತಿನ ಬಹುಪಾಲು ಈಗಲೂ ಕಲ್ಲಿದ್ದಲಿನದೇ. ಆದ್ದರಿಂದ ಸರ್ಕಾರದ ಮುಂದಿನ ದುಡ್ಡು ಬ್ಯಾಟರಿಗೆ, ಪ್ರಸರಣ ಮಾರ್ಗಕ್ಕೆ, ಹಗಲಲ್ಲೇ ಪಂಪ್‌ಸೆಟ್ ಓಡಿಸುವ ಪ್ರತ್ಯೇಕ ಫೀಡರುಗಳಿಗೆ ಹೋಗಬೇಕು. ಹಗಲಿನ ಕರೆಂಟಿನಿಂದ ನೀರನ್ನು ಮೇಲೆತ್ತಿ ಸಂಜೆಯ ಉತ್ಪಾದನೆಗೆ ಇಟ್ಟುಕೊಳ್ಳುವ ಯೋಜನೆಗಳೂ ಬೇಕಾಗಬಹುದು. ಆದರೆ ಅದಕ್ಕಾಗಿ ಶರಾವತಿ ಕಣಿವೆಯ ಸಿಂಗಳೀಕಗಳ ಕಾಡನ್ನು ಸೀಳುವುದನ್ನು ನಾನು ಒಪ್ಪಲಾರೆ.

ಇಂದು ಪದವಿ ಪಡೆಯುತ್ತಿರುವ ನಿಮ್ಮಲ್ಲಿ ಕೆಲವರು ರಾಜ್ಯದ ವಿದ್ಯುತ್ ನಿಗಮಗಳಾದ ಕೆಪಿಟಿಸಿಎಲ್, ಕೆಪಿಸಿ ಸೇರುತ್ತೀರಿ, ಕೆಲವರು ಖಾಸಗಿ ಕಂಪನಿಗಳಿಗೆ ಯೋಜನಾ ವರದಿ ಬರೆಯುತ್ತೀರಿ. ಆ ವರದಿಯಲ್ಲಿ ಜಮೀನಿಲ್ಲದ ಮನೆಗಳ ಪಟ್ಟಿ ಇದೆಯೇ, ಅವರಿಗೆ ಯಾವ ಬಾಬಿನಿಂದ ಎಷ್ಟು ವರ್ಷ ಹಣ ಎಂದು ಬರೆದಿದೆಯೇ ನೋಡಿ. ಇರದಿದ್ದರೆ ಟೆಂಡರ್ ಕರೆಯುವ ಮೊದಲೇ ಸೇರಿಸಿ. ರಾಯಚೂರಿನ ಘಟಕಗಳು ಒಂದೊಂದಾಗಿ ನಿಲ್ಲುವ ದಿನ ಬಂದಾಗ ಅಲ್ಲಿನ ಗುತ್ತಿಗೆ ಕಾರ್ಮಿಕರಿಗೂ ಅಂಥದೇ ಒಂದು ಬಾಬು ಬೇಕು. ಅದರ ಕರಡನ್ನು ನೀವು ಈಗಿನಿಂದಲೇ ಬರೆಯಲು ಕೂರಬೇಕು.