ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ?



"ನನ್ನೊಬ್ಬನ ಮತದಿಂದ ಏನಾಗುತ್ತದೆ?" ಎಂದು ಕೇಳುವವರು ನಮ್ಮ ಬಬ್ಬೂರಿನಲ್ಲೂ ಇದ್ದಾರೆ. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು ಬಂದವು. ಎ.ಆರ್. ಕೃಷ್ಣಮೂರ್ತಿ ಅವರಿಗೆ ಬಂದದ್ದು 40,751. ಅಲ್ಲಿ ಒಂದೇ ಒಂದು ಮತ ಶಾಸಕರನ್ನು ಆರಿಸಿತು.

ಆದರೆ ಮತಗಟ್ಟೆಗೆ ಹೋಗುವ ಮೊದಲೇ ಮತ ಕಳೆದುಹೋಗುವುದೂ ಉಂಟು. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸುವಾಗ ಉತ್ತರ ಭಾರತದ ಅನೇಕ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಕೊನೆಗೆ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಸಂವಿಧಾನ ಹಕ್ಕು ಕೊಟ್ಟಿತ್ತು, ಆದರೆ ಪಟ್ಟಿಯಲ್ಲಿ ಹೆಸರಿರಲಿಲ್ಲ.

ನಮ್ಮ ಮನೆಗಳಲ್ಲಿ ಈ ತೊಂದರೆ ಬೇರೆ ರೂಪದಲ್ಲಿದೆ. ಉರ್ದು, ಕನ್ನಡ ಎರಡನ್ನೂ ಕಲಿಸುವ ನಾನು ಇದನ್ನು ಹಾಜರಿ ಪುಸ್ತಕದಲ್ಲೇ ಕಾಣುತ್ತೇನೆ. ಉರ್ದುವಿನಲ್ಲಿ ಒಂದೇ ರೀತಿ ಬರೆಯುವ ಹೆಸರು ಕನ್ನಡಕ್ಕೆ ಬಂದಾಗ ಫಾತಿಮಾ, ಪಾತಿಮ, ಫಾತೀಮಾ ಎಂದಾಗುತ್ತದೆ. ಶಾಲೆಯಲ್ಲಿ "ಬಾನು" ಇದ್ದವಳು ಪಡಿತರ ಚೀಟಿಯಲ್ಲಿ "ಬೀ" ಆಗುತ್ತಾಳೆ. ಕೂಲಿಗೆಂದು ಬೆಂಗಳೂರು ಸೇರಿದವರ ಹೆಸರು ಊರಿನಲ್ಲೂ ಇರುವುದಿಲ್ಲ, ಅಲ್ಲೂ ಇರುವುದಿಲ್ಲ. ಕೈಯಲ್ಲಿ ಗುರುತಿನ ಚೀಟಿ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಹಾಕಲಾಗದು. ಆ ದಿನ ಯಾರ ಮೇಲೆ ಕೋಪಿಸಿಕೊಂಡು ಏನು ಪ್ರಯೋಜನ?

ಆದ್ದರಿಂದ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಒಂದು ಕೋರಿಕೆ. ಮನೆಯ ಹಿರಿಯರಿಗೆ ಓದಲು ಬಾರದಿದ್ದರೆ ನೀವು ಓದಿ. ಪಟ್ಟಿಯಲ್ಲಿ ಅಮ್ಮಿ, ಅಬ್ಬಾ, ದಾದಿಯವರ ಹೆಸರು ಹುಡುಕಿ, ಅಕ್ಷರ ಅಕ್ಷರ ನೋಡಿ. ಹೊಸದಾಗಿ ಸೇರಲು ನಮೂನೆ 6, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ ನಮೂನೆ 8. ಇವನ್ನು ಮತಗಟ್ಟೆ ಮಟ್ಟದ ಅಧಿಕಾರಿಗೆ ಕೊಡಬಹುದು. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ನಮ್ಮ ಹೆಣ್ಣುಮಕ್ಕಳು ತಮ್ಮ ಹೆಸರನ್ನು ತಾವೇ ಬರೆದು ಸಹಿ ಮಾಡಲಿ.

ಮತ ಯಾರಿಗೆ ಎಂಬುದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಅದನ್ನು ನಾನು ಹೇಳಬಾರದು, ನೀವು ಕೇಳಲೂಬಾರದು. ಹಣಕ್ಕಾಗಲಿ, ಒತ್ತಾಯಕ್ಕಾಗಲಿ ಅದನ್ನು ಮಾರಬೇಡಿ.

ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರ ಚುನಾವಣೆಯಿಂದ ನಮ್ಮ ಮೈಸೂರಿನ ಕಾರ್ಖಾನೆಯಲ್ಲೇ ತಯಾರಾಗುತ್ತಿದೆ. ತೋಟದ ಮಾಲೀಕನ ಬೆರಳಿಗೂ ಅದೇ ಶಾಯಿ, ಆ ತೋಟದಲ್ಲಿ ಕೂಲಿ ಮಾಡುವ ತಾಯಿಯ ಬೆರಳಿಗೂ ಅದೇ ಶಾಯಿ. ಇಬ್ಬರೂ ನಿಲ್ಲಬೇಕಾದದ್ದು ಸರತಿ ಸಾಲಿನಲ್ಲೇ. ವರ್ಷವಿಡೀ ನಮ್ಮನ್ನು ಯಾರು ಹೇಗೇ ಅಳೆಯಲಿ, ಆ ಒಂದು ದಿನ ನಾವೆಲ್ಲರೂ ಸರಿಸಮಾನರು. ಆ ಗೌರವವನ್ನು ಬಿಟ್ಟುಕೊಡಬೇಡಿ ಎಂದು ವಿನಂತಿಸಿ, ನನ್ನ ಮಾತು ಮುಗಿಸುತ್ತೇನೆ.