ಮಾತೂ ಒಯ್ಯಬೇಕು, ಸುಳಿವೂ ತರಬೇಕು



ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರ ಜನವರಿ 8ರಂದು. ಅದಕ್ಕೂ ಕಾಲು ಶತಮಾನ ಮೊದಲು, 1924ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಬೋರ್ನ್‌ಮತ್‌ನ ಬಿಬಿಸಿ ಕೇಂದ್ರಕ್ಕೆ ಒಂದು ಹೊಸ ಕೆಲಸ ಬಿತ್ತು. ರಾತ್ರಿಯ ಕಾರ್ಯಕ್ರಮ ಮುಗಿದ ಮೇಲೆ ಅದೇ ಯಂತ್ರದಿಂದ, ಅಲೆಯುದ್ದವನ್ನು ಮೆಲ್ಲಗೆ ಬದಲಿಸುತ್ತ, ಬರಿಯ ಅಲೆ ಬಿಡಿಸಿದರು. ಆಕ್ಸ್‌ಫರ್ಡಿನಲ್ಲಿ ವಿಜ್ಞಾನಿಗಳಾದ ಆ್ಯಪಲ್ಟನ್ ಮತ್ತು ಬಾರ್ನೆಟ್ ಕಾದಿದ್ದರು. ನೆಲದಗುಂಟ ಬಂದ ಅಲೆ, ಮುಗಿಲಿಗೆ ಬಡಿದು ಮರಳಿದ ಅಲೆ ಎರಡೂ ಕೂಡಿದಾಗ ಆದ ಏರಿಳಿತ ಎಣಿಸಿ, ಸುಮಾರು 100 ಕಿ.ಮೀ. ಎತ್ತರದಲ್ಲಿ ವಿದ್ಯುತ್ ಕಣಗಳ ಪದರವಿದೆ ಎಂದು ತೋರಿಸಿದರು. ಗಮನಿಸಿ, ಮಾತು ನಿಂತ ಮೇಲಷ್ಟೇ ಶೋಧಕ್ಕೆ ಸರದಿ ಬಂದಿತ್ತು.

1935ರ ಫೆಬ್ರವರಿ 26ರಂದು ವಾಟ್ಸನ್-ವಾಟ್, ವಿಲ್ಕಿನ್ಸ್ ಇಬ್ಬರೂ ಡಾವೆಂಟ್ರಿಯ ಬಿಬಿಸಿ ಅಲೆಯಿಂದಲೇ ವಿಮಾನ ಪತ್ತೆಹಚ್ಚಿದರು. ಅಲ್ಲಿಂದ ಮುಂದೆ ಹೀಗೆ ಪತ್ತೆಹಚ್ಚುವ ರೇಡಾರ್ ಸೈನ್ಯದ ಪಾಲಾಯಿತು, ರೇಡಿಯೋ ಜನರದ್ದಾಯಿತು. ಬೆಂಗಳೂರಿನ ಬಿಇಎಲ್ ಎರಡನ್ನೂ ತಯಾರಿಸಿತು, ಆದರೆ ಬೇರೆ ಬೇರೆ ಪೆಟ್ಟಿಗೆಗಳಲ್ಲಿ.

ಅವೆರಡೂ ಒಂದೇ ಅಲೆಯಲ್ಲಿ ಮತ್ತೆ ಕೂಡಿದ ಬಗೆಯೊಂದು ನನಗೆ ಬಹಳ ಇಷ್ಟ. ಮೊಬೈಲ್ ಟವರಿನಿಂದ ಟವರಿಗೆ ಡೇಟಾ ಒಯ್ಯುವ ಮೈಕ್ರೋವೇವ್ ಅಲೆ ಮಳೆಯಲ್ಲಿ ಸೊರಗುತ್ತದೆ. ಎಷ್ಟು ಸೊರಗಿತು ಎಂಬುದರಿಂದ ಎಷ್ಟು ಮಳೆಯಾಯಿತು ಎಂದು ಅಳೆಯಬಹುದೆಂದು ಟೆಲ್ ಅವೀವ್‌ನ ಹಗಿತ್ ಮೆಸ್ಸರ್ ತಂಡ 2006ರಲ್ಲಿ ತೋರಿಸಿತು. ದುಮ್ಮವಾಡದ ಬಳಿಯ ನೀರಸಾಗರ ಜಲಾಶಯಕ್ಕೆ ನೀರು ಹರಿದು ಬರುವ ಹೊಲಗಳ ಮೇಲೂ ಅಂಥ ಅಲೆ ಹಾಯುತ್ತಿದ್ದರೆ, ಮಳೆಮಾಪಕವಿಲ್ಲದ ಕಡೆಯ ಲೆಕ್ಕವೂ ಸಿಕ್ಕೀತು. ಇದರಲ್ಲಿ ಡೇಟಾಗೆ ಚೂರೂ ನಷ್ಟವಿಲ್ಲ.

ಡೇಟಾ ಒಯ್ಯುವ ಅಲೆಯಿಂದಲೇ ಮನುಷ್ಯ, ದನ, ಗಾಡಿ ಪತ್ತೆಮಾಡಬೇಕೆಂದರೆ ಮಾತ್ರ ಡೇಟಾಗೂ ಪತ್ತೆಗೂ ಜಗ್ಗಾಟ ಶುರು. ಮರಳಿ ಬಂದ ಅಲೆ ಓದಲು, ಕಳಿಸಿದ ಅಲೆ ಒಂದೇ ಬಲದ್ದಾಗಿದ್ದರೆ ಚಲೋ. ಡೇಟಾ ಹೆಚ್ಚು ತುಂಬಬೇಕಾದರೆ ಬಲ ಏರಿಳಿಯಲೇಬೇಕು. ಒಂದು ಸಂಕೇತಕ್ಕೆ 2 ಬಿಟ್ ಒಯ್ಯುವ ಕ್ಯೂಪಿಎಸ್‌ಕೆ ಪದ್ಧತಿಯಲ್ಲಿ ಎಲ್ಲ ಸಂಕೇತಗಳ ಬಲವೂ ಸಮ. 8 ಬಿಟ್ ಒಯ್ಯುವ 256 ಕ್ವಾಮ್‌ನಲ್ಲಿ ಒಂದು ಜೋರು, ಒಂದು ಮೆದು. ಆ ಏರುಪೇರಿನಿಂದ ದೊಡ್ಡ ಪ್ರತಿಧ್ವನಿಯ ಸುತ್ತ ಸುಳ್ಳು ಗುರುತುಗಳೆದ್ದು, ಪಕ್ಕದ ಸಣ್ಣದನ್ನು ಮುಚ್ಚಿಬಿಡುತ್ತವೆ. ಅಲೆಪಟ್ಟಿಯ ಅಗಲವೂ ಲೆಕ್ಕಕ್ಕೆ ಬರುತ್ತದೆ. 100 ಮೆಗಾಹರ್ಟ್ಸ್ ಪೂರ್ತಿ ಕೊಟ್ಟರೂ, ಟವರಿನಿಂದ ಇರುವ ದೂರದಲ್ಲಿ 1.5 ಮೀಟರಿಗಿಂತ ಕಡಿಮೆ ಅಂತರವುಳ್ಳ ಎರಡೆತ್ತು ಒಂದೇ ಎತ್ತಾಗಿ ಕಾಣುತ್ತವೆ. 20 ಮೆಗಾಹರ್ಟ್ಸ್ ಆದರೆ ಆ ಅಂತರ 7.5 ಮೀಟರ್.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಒಂದೇ ಅಲೆಯನ್ನು ಡೇಟಾಗೂ ಪತ್ತೆಗೂ ಹಂಚುವ ಈ ಗಣಿತ ನಡೆದಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2023ರಲ್ಲಿ 6ಜಿಯ ಆರು ಬಳಕೆಗಳಲ್ಲಿ ಈ ಎರಡರ ಕೂಡಿಕೆಯನ್ನೂ ಸೇರಿಸಿತು. ಆದರೆ ಹೆದ್ದಾರಿಯ ಗಾಡಿ ಎಣಿಸುವ ಟವರಿಗೂ ಕಲಘಟಗಿಯ ಕಾಡಂಚಿನ ಒಂಟಿ ಟವರಿಗೂ ಒಂದೇ ಪಾಲು ಸಲ್ಲದು. ಕಾಡಂಚಿನದು ಮೊದಲು ಫೋನು ಮುಟ್ಟಿಸಲಿ, ಪತ್ತೆ ಉಳಿದ ಬಲದಲ್ಲಿ ಆಗಲಿ ಎನ್ನುವವರ ಕಡೆ ನಾನು.